ಬ್ಯಾಗ್ ಕಾಯೋಕೆ ಯಾರೂ ಕೂರಬೇಕಿಲ್ಲದ ಪಾರ್ಕ್

ನಿಮಗೆ ಇಷ್ಟವಾದ ಥೀಮ್ ಪಾರ್ಕ್ ಯಾವುದು, ಮಕ್ಕಳು ಮತ್ತು ವಯಸ್ಸಾದವರು ಎಲ್ಲರೂ ಇರುವ ಮನೆಯವರಿಗೆ ಅಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ನನ್ನ ಉತ್ತರ ಎಫ್ಟೆಲಿಂಗ್. ನೆದರ್‌ಲ್ಯಾಂಡ್ಸ್‌ನ ದಕ್ಷಿಣಕ್ಕೆ ಕಾಟ್ಸ್‌ಹ್ಯೂವೆಲ್ ಅನ್ನೋ ಸಣ್ಣ ಊರಿನಲ್ಲಿದೆ. ನಾವಿರುವುದು ಐಂಡ್‌ಹೋವನ್‌ನಲ್ಲಿ. ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ.

ಥೀಮ್ ಪಾರ್ಕ್ ಅಂದ್ರೆ ನನಗೆ ಮೊದಲು ನೆನಪಾಗುವುದು ಬ್ಯಾಗ್ ಕಾಯುವ ಕೆಲಸ. ಊರಲ್ಲಿದ್ದಾಗ ಯಾವ ಪಾರ್ಕಿಗೆ ಹೋದರೂ ಮನೆಗೊಬ್ಬರು ಅದಕ್ಕೆ ಮೀಸಲು. ನಮ್ಮಲ್ಲಿ ಅದು ಅತ್ತೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮರದ ಕೆಳಗೆ ಒಂದು ಬೆಂಚು. ಕಾಲ ಬುಡದಲ್ಲಿ ನಾಲ್ಕು ಬ್ಯಾಗು, ಮಡಿಲಲ್ಲಿ ಎಲ್ಲರ ಫೋನು ಮತ್ತು ಕನ್ನಡಕ, ಪಕ್ಕದಲ್ಲಿ ಒದ್ದೆ ಬಟ್ಟೆಯ ಕವರು. ವಾಪಸ್ ಬರುವಾಗ "ಹೇಗಿತ್ತತ್ತೆ?" ಅಂದರೆ "ಚೆನ್ನಾಗಿತ್ತಮ್ಮ, ಗಾಳಿ ಬರ್ತಿತ್ತು" ಅನ್ನುತ್ತಿದ್ದರು.

ಹೋದ ಸಲ ಅತ್ತೆ, ಮಾವ ನಮ್ಮ ಜೊತೆ ಇರೋಕೆ ಬಂದಿದ್ದಾಗ ಎಲ್ಲರೂ ಎಫ್ಟೆಲಿಂಗ್‌ಗೆ ಹೋದೆವು. ಮಗಳಿಗೆ ಆಗ ನಾಲ್ಕು, ಮಗನಿಗೆ ಹನ್ನೆರಡು. ಅತ್ತೆಗೆ ಮಂಡಿನೋವು. ಇಬ್ಬರಿಗೂ ಇಂಗ್ಲಿಷೇ ಅಷ್ಟಕ್ಕಷ್ಟೆ, ಇನ್ನು ಡಚ್ ಎಲ್ಲಿಂದ ಬರಬೇಕು? ಗೇಟ್ ದಾಟಿದ ಕೂಡಲೇ ಅತ್ತೆ ಅಭ್ಯಾಸಬಲದಿಂದ ಬೆಂಚು ಹುಡುಕಿದರು. ಆ ದಿನ ಆ ಬೆಂಚು ಬೇಕಾಗಲೇ ಇಲ್ಲ.

ಕಾರಣ ಅಲ್ಲಿನ ಕಥೆಗಳ ಕಾಡು. ಎತ್ತರದ ಮರಗಳ ನಡುವೆ ಕಾಲುದಾರಿ, ತಿರುವಿಗೊಂದು ಜನಪದ ಕಥೆ. 1952ರ ಮೇ 31ರಂದು ಇದು ಶುರುವಾದಾಗ ಹತ್ತು ಕಥೆ ಇದ್ದವು, ಈಗ ಮೂವತ್ತರ ಹತ್ತಿರ. ಅದಕ್ಕೂ ಮುಂಚೆ ಇದು 1930ರ ದಶಕದಲ್ಲಿ ಊರಿನ ಪಾದ್ರಿಗಳು ಮಕ್ಕಳು ಆಡಲಿ ಅಂತ ಮಾಡಿದ ಬಯಲು. ಈ ಕಾಡಿನ ಯೋಚನೆಗೆ ನಮ್ಮ ಐಂಡ್‌ಹೋವನ್‌ನ ನಂಟೂ ಇದೆ. 1951ರಲ್ಲಿ ಫಿಲಿಪ್ಸ್ ಕಂಪನಿಗೆ ಅರವತ್ತು ತುಂಬಿದಾಗ ಪೀಟರ್ ರೈಂಡರ್ಸ್ ಅನ್ನುವವರು ಇಲ್ಲಿನ ಒಂದು ಉದ್ಯಾನದಲ್ಲಿ ಕಥೆಗಳ ಬೊಂಬೆಲೋಕ ಮಾಡಿದ್ದರು. ಆಮೇಲೆ ಎಫ್ಟೆಲಿಂಗ್‌ನವರು ಅವರನ್ನೂ ಚಿತ್ರಕಾರ ಆಂಟನ್ ಪೀಕ್ ಅವರನ್ನೂ ಕರೆದರು. ಪೀಕ್ ಒಪ್ಪಿದ್ದು ಒಂದು ಷರತ್ತಿನ ಮೇಲೆ: ರಟ್ಟು, ಬಣ್ಣದ ಹಲಗೆ ಆಗಲ್ಲ. ಇಟ್ಟಿಗೆ ಅಂದ್ರೆ ಇಟ್ಟಿಗೆ, ಮರ ಅಂದ್ರೆ ಮರವೇ ಆಗಬೇಕು. ಹಾಗಾಗಿ ಎಪ್ಪತ್ತು ವರ್ಷದ ಮಳೆ ಬಿದ್ದ ಮೇಲೂ ಅಲ್ಲಿನ ಗೋಡೆ ಹಳೇ ಮನೆಯ ಗೋಡೆಯ ಹಾಗೇ ಇದೆ. ಪಾಚಿ ಕಟ್ಟಿದಷ್ಟೂ ಚೆಂದ ಕಾಣುತ್ತದೆ.

ನಿದ್ರಿಸುವ ರಾಜಕುಮಾರಿಯ ಕೋಟೆಯಲ್ಲಿ ಆಕೆ ಮಂಚದ ಮೇಲೆ ಮಲಗಿದ್ದಾಳೆ. ಬೊಂಬೆಯೇ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಎದೆ ಮೆಲ್ಲಗೆ ಏರಿ ಇಳಿಯುವುದು ಕಾಣುತ್ತದೆ, ಉಸಿರಾಡುತ್ತಾಳೆ. ಅತ್ತೆ ಮಗಳ ಬಾಯಿ ಮೇಲೆ ಬೆರಳಿಟ್ಟು "ಶ್, ಮಗು ಮಲಗಿದೆ" ಅಂದರು. ಆಮೇಲೆ ನಾವೆಲ್ಲ ಪಿಸುಮಾತಿನಲ್ಲೇ ಆಚೆ ಬಂದೆವು.

ಡಚ್ ಬರದೇ ಇದ್ದದ್ದು ಒಳ್ಳೆಯದೇ ಆಯಿತು. ಪ್ರತಿ ಕಥೆಯ ಮುಂದೂ ಅತ್ತೆ ತಮ್ಮದೇ ಅಡಗೂಲಜ್ಜಿ ಕಥೆ ಕಟ್ಟಿದರು. ಲಾಂಗ್‌ನೆಕ್ ಅಂತ ಒಬ್ಬ ಕಾವಲುಗಾರನಿದ್ದಾನೆ. ಸುಮ್ನೆ ಕೂತಿರುತ್ತಾನೆ, ಇದ್ದಕ್ಕಿದ್ದಂತೆ ಕತ್ತು ಮೇಲೆ ಮೇಲೆ ಬೆಳೆದು ಮರದ ಕೊಂಬೆ ಮುಟ್ಟುತ್ತದೆ. ಅವನು ಗ್ರಿಮ್ ಸೋದರರ ಕಥೆಯವನು ಅಂತ ನಾನು ಹೇಳೋಕೆ ಹೊರಟೆ. ಅಷ್ಟರಲ್ಲಿ ಅತ್ತೆ ಮೊಮ್ಮಗಳಿಗೆ ಹೇಳಿ ಮುಗಿಸಿದ್ದರು: "ಪಕ್ಕದ ಮನೇಲಿ ಏನು ಅಡುಗೆ ಅಂತ ದಿನಾ ಕಾಂಪೌಂಡ್ ಮೇಲೆ ಇಣುಕಿ ಇಣುಕಿ ಇವನ ಕತ್ತು ಹೀಗಾಯ್ತು." ನಮ್ಮ ಮನೆಯಲ್ಲಿ ಈಗ ಅದೇ ಅಧಿಕೃತ ಕಥೆ.

ಮಾವನದು ಬೇರೆ. ಅವರು ಮಾತು ಕಡಿಮೆ. ಅವರನ್ನು ಹಿಡಿದಿಟ್ಟದ್ದು ಒಂದು ಗಿಣಿ. ನೀವು ಏನು ಹೇಳಿದರೂ ಅದನ್ನೇ ತಿರುಗಿ ಹೇಳುವ ಯಂತ್ರದ ಗಿಣಿ. ಈಗಿನ ಮಕ್ಕಳ ಫೋನಿನಲ್ಲಿ ಇಂಥ ಹತ್ತು ಆಟ ಇವೆ, ಅಲ್ವಾ? ಆದರೂ ಸಾಲು ನಿಂತಿತ್ತು. ಮಗಳು "ಊಟ ಆಯ್ತಾ?" ಅಂದಳು. ಗಿಣಿಯೂ "ಊಟ ಆಯ್ತಾ?" ಅಂತು. ಹಿಂದೆ ನಿಂತ ಡಚ್ ಮಕ್ಕಳು ಇದೇನು ಭಾಷೆ ಅಂತ ಮುಖ ನೋಡಿದರು. ಮಾವ ಸ್ವಲ್ಪ ನಾಚಿಕೊಂಡು ಮುಂದೆ ಹೋಗಿ "ಗಿಣಿರಾಮ, ಚೆನ್ನಾಗಿದ್ದೀಯೇನಪ್ಪ?" ಅಂದರು. ಅದೂ ಕೇಳಿತು, ಚೆನ್ನಾಗಿದ್ದೀಯೇನಪ್ಪ ಅಂತ. ಮಾವ ಮತ್ತೆ ಹೋಗಿ ಸಾಲಿನ ಕೊನೆಗೆ ನಿಂತರು. ಅವರು ಬಂದು ನಾಲ್ಕು ವಾರ ಆಗಿತ್ತು. ಮನೆಯಿಂದಾಚೆ ಕನ್ನಡದಲ್ಲಿ ಅವರನ್ನು ವಿಚಾರಿಸಿದ್ದು ಅದೊಂದೇ.

ಇನ್ನು ಕಸದ ಬುಟ್ಟಿ. ಹೌದು, ಕಸದ ಬುಟ್ಟಿ. ಹೊಲ್ಲೆ ಬೊಲ್ಲೆ ಖೈಸ್ ಅಂತ ಒಬ್ಬ ಹೊಟ್ಟೆಬಾಕ, ದೊಡ್ಡ ಬಾಯಿ ತೆರೆದು "ಪಾಪೀರ್ ಹೀರ್!" ಅಂತ ಕೂಗುತ್ತಿರುತ್ತಾನೆ. ಕಾಗದ ಇಲ್ಲಿ ಹಾಕು ಅಂತ ಅರ್ಥ. ಕಾಗದ ಹಿಡಿದ ಕೈ ಬಾಯಿ ಹತ್ತಿರ ಹೋದರೆ ಸರ್ರಂತ ಗಾಳಿ ಎಳೆದುಕೊಳ್ಳುತ್ತದೆ, ಆಮೇಲೆ ಥ್ಯಾಂಕ್ಸ್ ಹೇಳುತ್ತಾನೆ. ಮೊದಲನೆಯವನನ್ನು 1959ರಲ್ಲಿ ಕೂರಿಸಿದರು. ಈಗ ಪಾರ್ಕಿನ ತುಂಬ ಅವನ ಅಣ್ಣತಮ್ಮಂದಿರು. ಮಗಳು ಮೊದಲು ಬಿಸ್ಕತ್ತಿನ ಕವರ್ ಹಾಕಿದಳು. ಆಮೇಲೆ ಟಿಶ್ಯೂ. ಆಮೇಲೆ ನನ್ನ ಬ್ಯಾಗಿನಲ್ಲಿದ್ದ ಅಂಗಡಿ ಬಿಲ್‌ಗಳು. ಅದೂ ಮುಗಿದಾಗ ದಾರಿಯಲ್ಲಿ ಯಾರಾದರೂ ಏನಾದರೂ ಬೀಳಿಸಿದ್ದಾರಾ ಅಂತ ಬಗ್ಗಿ ಬಗ್ಗಿ ಹುಡುಕಿದಳು. ಒಂದು ಚೂರೂ ಸಿಗಲಿಲ್ಲ, ಅವಳಂಥವರು ಅವಳಿಗಿಂತ ಮುಂಚೆ ನೂರಾರು ಜನ ಹುಡುಕಿದ್ದರು. ಕೊನೆಗೆ ಪಾರ್ಕಿನ ಮ್ಯಾಪನ್ನೇ ಹರಿದು ಚೂರು ಚೂರಾಗಿ ತಿನ್ನಿಸಿದಳು. "ಮನೇಲಿ ಒಂದು ಕಾಗದ ಎತ್ತಿ ಹಾಕಲ್ಲ ಇವಳು" ಅಂತ ಅತ್ತೆ ಗೊಣಗಿದರು. ಗೊಣಗುತ್ತಲೇ ಸೆರಗಿನ ಗಂಟಿನಿಂದ ಹಳೇ ಬಸ್ ಟಿಕೆಟ್ ತೆಗೆದು ಕೊಟ್ಟರು.

ನಗು ತರಿಸಿದ ಇನ್ನೊಂದು ಜಾಗ 'ಇಂಡಿಯಾದ ನೈದಿಲೆಗಳು' ಅನ್ನುವ ಗುಹೆಯೊಳಗಿನ ಪ್ರದರ್ಶನ. 1966ರಿಂದ ನಡೆಯುತ್ತಿದೆ. ಕಥೆ ಬರೆದವರು ಬೆಲ್ಜಿಯಂನ ರಾಣಿ ಫಾಬಿಯೊಲಾ, ರಾಣಿ ಆಗೋಕೆ ಮುಂಚೆ. ಮಾಟಗಾತಿಯ ಕೆರೆ, ಹೂವಿನ ಮೇಲೆ ಕುಣಿಯುವ ಕಿನ್ನರಿಯರು, ವಾದ್ಯ ನುಡಿಸುವ ಕಪ್ಪೆಗಳು. ಹೆಸರಿಗೆ ಇಂಡಿಯಾ, ಹಾಡುವ ದನಿ ಪೆರು ದೇಶದ ಗಾಯಕಿಯದ್ದು! "ಇದರಲ್ಲಿ ನಮ್ಮದು ಯಾವುದು?" ಅಂತ ಮಾವ ಕೇಳಿದರು. "ಕಪ್ಪೆ" ಅಂದ ಮಗ. ಹೊರಗೆ ತೇಲುವ ಚಾಪೆಯ ಮೇಲೆ ಹಾರಾಡುವ ಒಬ್ಬ ಫಕೀರನೂ ಇದ್ದಾನೆ. ಅವನು ಕೊಳಲು ಊದಿದರೆ ಹಾವು ಬರಲ್ಲ, ಟ್ಯುಲಿಪ್ ಹೂ ಅರಳುತ್ತವೆ.

ಮಗನ ಬಗ್ಗೆ ಚಿಂತೆ ಬೇಡ. ಹನ್ನೆರಡರ ಹುಡುಗರಿಗೆ ಕಥೆ ಸಾಕಾಗಲ್ಲ ಅಂತ ಅಲ್ಲಿನವರಿಗೂ ಗೊತ್ತು. 1981ರ ಪೈಥಾನ್ ರೋಲರ್ ಕೋಸ್ಟರ್‌ಗೆ 1.20 ಮೀಟರ್ ಎತ್ತರ ಇದ್ದರೆ ಸಾಕು. ಬಾರೊನ್ 1898 ಅನ್ನುವುದು 37.5 ಮೀಟರ್ ಮೇಲಿನಿಂದ ನೆಟ್ಟಗೆ ಒಂದು ಹೊಂಡದೊಳಕ್ಕೆ ಬೀಳುತ್ತದೆ, ಅದಕ್ಕೆ 1.32 ಮೀಟರ್ ಬೇಕು. ಅಪ್ಪ, ಮಗ ಎರಡೂ ಮುಗಿಸಿ ಬಂದರು. ನಾನು ನೋಡಿದೆ, ಅಷ್ಟು ಸಾಕು.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಆರೂ ಜನ ಒಟ್ಟಿಗೆ ಕೂರುವ ಸವಾರಿಗಳಲ್ಲಿ. ಸಿಂಬೋಲಿಕಾ ಅನ್ನುವ ಅರಮನೆ 2017ರಲ್ಲಿ ಬಂತು. ಅದರ ಗಾಡಿಗೆ ಹಳಿ ಇಲ್ಲ, ಆರು ಜನ ಹಿಡಿಸುತ್ತದೆ, ಮೂರು ದಾರಿಯಲ್ಲಿ ಯಾವುದು ಬೇಕೋ ನೀವೇ ಆರಿಸಬೇಕು. ಡ್ರೋಮ್‌ಫ್ಲುಖ್ತ್, ಅಂದರೆ ಕನಸಿನ ಹಾರಾಟ, 1993ರದ್ದು. ಮೇಲಿನಿಂದ ತೂಗುವ ತೊಟ್ಟಿಲಿನಂಥ ಗಾಡಿಯಲ್ಲಿ ಕಿನ್ನರಿಯರ ಕಾಡಿನ ಮೇಲೆ ತೇಲಿಕೊಂಡು ಹೋಗುತ್ತೀರಿ. ಕೊನೆಗೆ ಸುತ್ತಿ ಸುತ್ತಿ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಸ್ವಲ್ಪ ಕಚಗುಳಿ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಇಳಿದ ಮೇಲೆ "ಇನ್ನೊಂದು ಸಲ ಹೋಗಬಹುದಾ, ಇಲ್ಲ ಮತ್ತೆ ದುಡ್ಡು ಕೊಡಬೇಕಾ?" ಅಂತ ಕೇಳಿದರು. ಮೂರು ಸಲ ಹೋದೆವು.

ಊಟದ ವಿಷಯ ಹೇಳಲೇಬೇಕು. ಮನೆಯಿಂದ ತಿಂಡಿ ತಂದು ತಿನ್ನಬಹುದು. ಡಚ್ಚರು ಸ್ಯಾಂಡ್‌ವಿಚ್ ಡಬ್ಬಿ ತೆರೆದರೆ ನಾವು ಪುಳಿಯೋಗರೆ ತೆರೆದೆವು. ಆಂಟನ್ ಪೀಕ್ ಹೆಸರಿನ ಹಳೇ ಚೌಕದ ಹತ್ತಿರ ಪೊಫರ್ಚಸ್ ಮಾಡುತ್ತಾರೆ. ಗುಳಿ ಗುಳಿಯ ಕಾವಲಿ, ಹಿಟ್ಟು ಹೊಯ್ದು ಕಡ್ಡಿಯಿಂದ ತಿರುವಿ ಹಾಕುವುದು. ಅತ್ತೆ ಹತ್ತಿರ ಹೋಗಿ ನೋಡಿ "ಪಡ್ಡು ಕಣಮ್ಮ ಇದು" ಅಂದರು. ಮೇಲೆ ಬೆಣ್ಣೆ, ಸಕ್ಕರೆ ಪುಡಿ ಉದುರಿಸಿದ್ದು ನೋಡಿ ಮುಖ ಕಿವುಚಿದರು. ಮೊಟ್ಟೆ ಇರಬಹುದು ಅಂತ ತಿನ್ನಲಿಲ್ಲ. ಚಟ್ನಿ ಇಲ್ಲದ್ದೇ ಅವರಿಗೆ ದೊಡ್ಡ ಕೊರತೆ.

ನೀವು ಹೋಗುವುದಾದರೆ ಒಂದೆರಡು ಮಾತು. ಮೂರು ವರ್ಷದವರೆಗೆ ಟಿಕೆಟ್ ಇಲ್ಲ. ನಾಲ್ಕು ತುಂಬಿದರೆ ದೊಡ್ಡವರ ರೇಟೇ, ಅರ್ಧ ಟಿಕೆಟ್ ಅನ್ನೋ ಲೆಕ್ಕ ಇಲ್ಲ. ಅಗ್ಗದ ಜಾಗವಂತೂ ಅಲ್ಲ. ವರ್ಷದ ಎಲ್ಲ ದಿನವೂ ತೆರೆದಿರುತ್ತದೆ, ಆದರೆ ವರ್ಷಕ್ಕೆ 50 ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಡಚ್ ಶಾಲೆಗಳ ರಜೆ ಬಿಟ್ಟು ವಾರದ ಮಧ್ಯೆ ಹೋಗಿ. ನಡಿಗೆ ತುಂಬ ಇದೆ. ಹಿರಿಯರಿಗೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಪಾರ್ಕ್ ಒಳಗೇ ಒಂದು ಉಗಿಬಂಡಿ ಓಡುತ್ತದೆ, ಮಂಡಿನೋವಿಗೆ ಅದೇ ಔಷಧಿ. ಬೇಸಿಗೆಯಲ್ಲೂ ಮಳೆ ಕೋಟು ಬೇಕು. ಮನೆಯಲ್ಲಿ ನಾಲ್ಕೈದು ವರ್ಷದ ಮಗು ಇದ್ದರೆ ರದ್ದಿ ಕಾಗದ ಒಂದಷ್ಟು ಚೀಲದಲ್ಲಿ ಹಾಕಿಕೊಂಡು ಹೋಗಿ. ಮ್ಯಾಪ್ ಉಳಿಯುತ್ತದೆ.