ಬ್ರೆಜಿಲಿಯನ್ ಜಿಯು-ಜಿತ್ಸು ತರಗತಿಯಲ್ಲಿ ಪೂರ್ಣ ಬಲದಿಂದ ಸೆಣಸಿದರೂ ಗಂಭೀರ ಗಾಯಗಳು ಹೇಗೆ ತಪ್ಪುತ್ತವೆ?

ಈ ಕಲೆಯಲ್ಲಿ ಗುದ್ದು, ಒದೆತಗಳಿಲ್ಲ. ಎದುರಾಳಿಯನ್ನು ನೆಲದ ಮೇಲೆ ಹಿಡಿದಿಟ್ಟು, ಕೀಲನ್ನು ಬಾಗಿಸಿ ಅಥವಾ ಕತ್ತನ್ನು ಒತ್ತಿ ಸೋಲೊಪ್ಪಿಸುವುದೇ ಗುರಿಯಾದ್ದರಿಂದ, ಗಾಯವಾಗುವ ಮೊದಲೇ ಸೆಣಸಾಟವನ್ನು ನಿಲ್ಲಿಸಲು ಅವಕಾಶವಿರುತ್ತದೆ. ಹೊಡೆತ ಬಿದ್ದ ಕ್ಷಣದಲ್ಲೇ ಹಾನಿ ಮಾಡುತ್ತದೆ. ಆದರೆ ಮೊಣಕೈಗೆ ಹಾಕುವ ಪಟ್ಟಿನಲ್ಲಿ ತೋಳು ಮೊದಲು ನೇರವಾಗುತ್ತದೆ, ಅನಂತರ ತನ್ನ ಸಹಜ ಮಿತಿಯನ್ನು ಮುಟ್ಟುತ್ತದೆ, ಅದನ್ನೂ ದಾಟಿದಾಗಲಷ್ಟೇ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳು ಹರಿಯುತ್ತವೆ. ಪಟ್ಟನ್ನು ನಿಧಾನವಾಗಿ ಬಿಗಿಸಿದರೆ, ಸಿಕ್ಕಿಬಿದ್ದವರು ಈ ನಡುವಿನ ಅವಧಿಯಲ್ಲಿ ಜೊತೆಗಾರರ ಮೈಯನ್ನೋ ಮ್ಯಾಟನ್ನೋ ಕೈಯಿಂದ ತಟ್ಟುತ್ತಾರೆ, ಹಿಡಿದವರು ಕೂಡಲೇ ಬಿಡುತ್ತಾರೆ. ಇದೇ ‘ಟ್ಯಾಪ್’. ಕತ್ತಿನ ಪಟ್ಟು ಎರಡೂ ಬದಿಯ ರಕ್ತನಾಳಗಳನ್ನು ಒತ್ತಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದಾದ್ದರಿಂದ ಅಲ್ಲಿ ತಡಮಾಡಲೇಬಾರದು.

ಹಿಮ್ಮಡಿಯನ್ನು ಹಿಡಿದು ಮೊಣಕಾಲನ್ನು ತಿರುಚುವ ‘ಹೀಲ್ ಹುಕ್’ನಲ್ಲಿ ಮಾತ್ರ ಈ ಎಚ್ಚರಿಕೆಯ ಅವಧಿ ತೀರ ಕಿರಿದು: ನೋವು ತಿಳಿಯುವಷ್ಟರಲ್ಲಿ ಅಸ್ಥಿರಜ್ಜು ಹರಿದಿರಬಹುದು. ಹೀಗಾಗಿ ಹೊಸಬರಿಗೆ ಅದನ್ನು ಸಾಮಾನ್ಯವಾಗಿ ನಿಷೇಧಿಸುತ್ತಾರೆ. ಗೀ ಎಂಬ ದಪ್ಪ ಬಟ್ಟೆಯ ಸಾಂಪ್ರದಾಯಿಕ ಉಡುಪು ತೊಟ್ಟು ಆಡುವ ಸ್ಪರ್ಧೆಗಳಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್ ಕಪ್ಪು ಬೆಲ್ಟಿನವರಿಗೂ ಅದಕ್ಕೆ ಅನುಮತಿ ನೀಡಿಲ್ಲ. ಕ್ಲಬ್ ಆರಿಸುವಾಗ, ಹಟಕ್ಕೆ ಬಿದ್ದು ಟ್ಯಾಪ್ ಮಾಡದವರನ್ನೂ ಪಟ್ಟನ್ನು ಜಗ್ಗಿ ಎಳೆಯುವವರನ್ನೂ ತರಬೇತುದಾರರು ತಡೆದು ತಿದ್ದುತ್ತಾರೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಗಮನಿಸಿರಿ.