ನಳಿಗೆಗೆ ತೂತು ಕೊರೆದರೆ ಕೋವಿ ಒದೆಯೋದು ನಿಲ್ಲುತ್ತದಾ?

ಪ್ರಶ್ನೆ: ಅಪ್ಪನ ಕಾಲದ ಪಾಯಿಂಟ್ 315 ಬೋಲ್ಟ್ ಆ್ಯಕ್ಷನ್ ರೈಫಲ್ ಇದೆ, ಲೈಸೆನ್ಸ್ ನನ್ನ ಹೆಸರಿಗಾಗಿದೆ. ರೇಂಜ್‌ನಲ್ಲಿ ಹತ್ತು ಈಡು ಹೊಡೆದರೆ ಮರುದಿನ ಹೆಗಲು ಎತ್ತಲಿಕ್ಕಾಗುವುದಿಲ್ಲ. ನಳಿಗೆಯ ತುದಿಯಲ್ಲಿ ತೂತು ಕೊರೆಯುವ ಪೋರ್ಟಿಂಗ್ ಮಾಡಿಸಿದರೆ ಒದೆತ ಕಮ್ಮಿಯಂತೆ. ಬೈಕಂಪಾಡಿಯಲ್ಲಿ ಲೇತ್ ಇಟ್ಟಿರುವ ಭಾವ ಮಾಡಿಕೊಡ್ತೇನೆ ಅಂತಾರೆ. ಗುರಿ ಹಾಳಾಗುತ್ತದಾ?
– ಓದುಗರು, ಕಾರ್ಕಳ

ಉತ್ತರ: ಭಾವನಿಗೆ ಸ್ವಲ್ಪ ತಾಳಿ ಅನ್ನಿ ಮಾರಾಯ್ರೆ.

ಪೋರ್ಟಿಂಗ್‌ನಿಂದ ಮುಖ್ಯವಾಗಿ ಕಮ್ಮಿಯಾಗೋದು ಹೆಗಲಿನ ಪೆಟ್ಟಲ್ಲ, ನಳಿಗೆಯ ಮೂತಿ ಮೇಲಕ್ಕೆ ಹಾರೋದು. ಅಡಿಕೆ ತೋಟದ ಪೈಪಿಗೆ ಮೇಲ್ಬದಿ ತೂತಾಗಿ ನೀರು ಚಿಮ್ಮಿದರೆ ಪೈಪು ನೆಲಕ್ಕೆ ಒತ್ತಿಕೊಳ್ಳುತ್ತದೆ ಅಲ್ವಾ, ಇಲ್ಲೂ ಹಾಗೇ, ಮದ್ದು ಉರಿದ ಗ್ಯಾಸು ಮೇಲಕ್ಕೆ ನುಗ್ಗಿ ಮೂತಿಯನ್ನು ಕೆಳಗೆ ತಳ್ಳುತ್ತದೆ. ಹೆಗಲಿಗೆ ಆರಾಮ ಬೇಕಾದರೆ ಗ್ಯಾಸು ಪಕ್ಕಕ್ಕೋ ಹಿಂದಕ್ಕೋ ತಿರುಗಬೇಕು. ಅದು ನಳಿಗೆಯ ತುದಿಗೆ ಕೂರಿಸುವ ಮಝಲ್ ಬ್ರೇಕ್‌ನ ಕೆಲಸ. ಅದು ಕೂಡ ಗ್ಯಾಸಿನ ಪಾಲಿನ ಒದೆತವನ್ನಷ್ಟೇ ಇಳಿಸೀತು, ಗುಂಡಿನ ಪಾಲು ಹಾಗೇ ಉಳಿಯುತ್ತದೆ. ಮದ್ದು ತೀರಾ ಕಮ್ಮಿ ಇರುವ ಪಾಯಿಂಟ್ 22 ರೈಫಲ್‌ಗಂತೂ ಇದೆಲ್ಲ ಸುಮ್ನೆ ಖರ್ಚು.

ಇನ್ನೊಂದು ವಿಷಯ. ಮೂತಿ ಹಾರದಿದ್ದರೆ ಎರಡನೇ ಈಡು ಬೇಗ ಹೊಡೆಯಬಹುದು, ಪೋರ್ಟಿಂಗ್‌ನ ದೊಡ್ಡ ಲಾಭ ಅದೇ. ಪ್ರತಿ ಈಡಿನ ನಂತರ ಬೋಲ್ಟ್ ಎಳೆಯಲು ಹೇಗೂ ಟ್ರಿಗರ್‌ನಿಂದ ಕೈ ತೆಗೆಯಲೇಬೇಕಾದ ನಿಮ್ಮ ರೈಫಲ್‌ಗೆ ಅದರಿಂದ ಏನು ಬಂತು?

ಗುರಿ? ನಾಜೂಕಾಗಿ ಮಾಡಿದರೆ ಹೆಚ್ಚೇನೂ ಕೆಡುವುದಿಲ್ಲ, ಯಾಕೆಂದರೆ ಮೂತಿ ಹೆಚ್ಚಿನಂಶ ಹಾರೋದು ಗುಂಡು ಹೊರಬಿದ್ದ ಮೇಲೆ. ಆದರೆ ಸಾದಾ ಡ್ರಿಲ್ ಹಾಕಿದರೆ ನಳಿಗೆಯ ಒಳಗೆ ಲೋಹದ ಮುಳ್ಳು ಏಳುತ್ತದೆ, ಪ್ರತಿ ಗುಂಡೂ ಅದಕ್ಕೆ ಉಜ್ಜಿಕೊಂಡೇ ಹೋಗಬೇಕು. ಒಳ್ಳೆಯ ಕಸುಬುದಾರರು ವಿದ್ಯುತ್ ಕಿಡಿಯಿಂದ ಕೊರೆಯುವ ಇಡಿಎಂ ಬಳಸೋದು ಇದಕ್ಕೇ. ಸದ್ದಂತೂ ಜಾತ್ರೆಯ ಗರ್ನಾಲಿನ ಹಾಗೆ ನೇರ ನಿಮ್ಮ ಕಿವಿಗೇ! ತೂತಿನಲ್ಲಿ ಮಸಿ ಕಟ್ಟುವುದು ಬೇರೆ.

ಮತ್ತೆ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ರಿಪೇರಿಗೂ ಮಾರ್ಪಾಡಿಗೂ ಅದರದ್ದೇ ಲೈಸೆನ್ಸ್ ಬೇಕು. ಲೇತ್ ಇದ್ದರೆ ಸಾಲದು.

ನನ್ನ ಪ್ರಕಾರ ನಿಮ್ಮ ಗುರಿ ತಪ್ಪುತ್ತಿದ್ದರೆ ಅದಕ್ಕೆ ನಳಿಗೆಗಿಂತ ಹೆದರಿಕೆ ಕಾರಣ. ಪೆಟ್ಟು ಬೀಳುತ್ತದೆ ಅಂತ ಗೊತ್ತಿದ್ದಾಗ ಟ್ರಿಗರ್ ಎಳೆಯುವ ಮೊದಲೇ ಮೈ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ. ಕೋವಿ ರಿಪೇರಿ ಲೈಸೆನ್ಸ್ ಇರುವವರ ಹತ್ತಿರ ಕೋವಿಯ ಹಿಂಬದಿಯ ಹಿಡಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿ, ಕಿವಿಗೆ ಮಫ್ ಹಾಕಿ, ಹಿಡಿಯನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿಕೊಳ್ಳಿ. ಮಲಗಿ ಹೊಡೆಯುವ ಬದಲು ನಿಂತು ಹೊಡೆದು ನೋಡಿ, ಮೈ ಹಿಂದಕ್ಕೆ ತೂಗುವುದರಿಂದ ಪೆಟ್ಟು ಅಷ್ಟು ತಾಗುವುದಿಲ್ಲ.