ಏಳು ರೇಸ್ ಗೆದ್ದ ಪ್ರೋಸ್ಟ್ ಸೋತಿದ್ದು ಹೇಗೆ?

1984ರ ಫಾರ್ಮುಲಾ ಒನ್ ಕಾರ್ ರೇಸಿಂಗ್‌ನಲ್ಲಿ ಫ್ರಾನ್ಸ್‌ನ ಅಲೈನ್ ಪ್ರೋಸ್ಟ್ ಏಳು ರೇಸ್ ಗೆದ್ದರು, ಆಸ್ಟ್ರಿಯಾದ ನಿಕಿ ಲೌಡಾ ಐದೇ. ಆದರೂ ಲೌಡಾ ಅರ್ಧ ಅಂಕದಿಂದ ಚಾಂಪಿಯನ್ ಆಗಿದ್ದು ಹೇಗೆ ಅಂತ ಕೇಳಿದ್ದೀರಿ. ಕಾರಿನಿಂದ ಬಂದ ವ್ಯತ್ಯಾಸ ಅಲ್ಲ ಅದು. ಇಬ್ಬರೂ ಮೆಕ್‌ಲಾರೆನ್ ತಂಡದವರೇ. ಆ ವರ್ಷದ 16 ರೇಸ್‌ಗಳಲ್ಲಿ 12 ಇವರಿಬ್ಬರ ಪಾಲಾದವು.

ಅರ್ಧ ಅಂಕ ಹುಟ್ಟಿದ್ದು ಮೊನಾಕೋದಲ್ಲಿ. ಜೂನ್ 3, ಜೋರು ಮಳೆ. ಪ್ರೋಸ್ಟ್ ಮುಂದಿದ್ದರು. ಹಿಂದೆ ಟೋಲ್‌ಮನ್ ಕಾರಿನಲ್ಲಿ ಸೆನ್ನಾ ಅನ್ನೋ ಹೊಸ ಹುಡುಗ ಸುತ್ತಿನಿಂದ ಸುತ್ತಿಗೆ ಹತ್ತಿರ ಬರುತ್ತಿದ್ದ. ರೇಸ್ ನಿಲ್ಲಿಸಿ ಅಂತ ಪ್ರೋಸ್ಟ್ ಕೈಸನ್ನೆ ಮಾಡುತ್ತಲೇ ಇದ್ದರು. ನಿಲ್ಲಿಸಿದರು ಕೂಡ. 31 ಸುತ್ತಿಗೆ ಫಲಿತಾಂಶ ಘೋಷಿಸಿದರು. ಅರ್ಧ ದೂರವೂ ಮುಗಿದಿರಲಿಲ್ಲ, ಹಾಗಾಗಿ ಗೆದ್ದವರಿಗೆ 9 ಅಂಕದ ಬದಲು 4.5. ರೇಸ್ ಪೂರ್ತಿ ನಡೆದು ಪ್ರೋಸ್ಟ್ ಎರಡನೆಯವರಾಗಿ ಬಂದಿದ್ದರೂ 6 ಅಂಕ ಸಿಗುತ್ತಿತ್ತು. ಆ ದಿನ ಲೌಡಾ ಆಗಲೇ ರೇಸ್‌ನಿಂದ ಹೊರಬಿದ್ದಿದ್ದರು. ಅಂದರೆ ಆ ಒಂದೂವರೆ ಅಂಕ ಸಿಕ್ಕಿದ್ದರೆ ಪ್ರೋಸ್ಟ್ ಚಾಂಪಿಯನ್ ಆಗಿಬಿಡುತ್ತಿದ್ದರು!

ಎಲ್ಲರೂ ಈ ಲೆಕ್ಕ ಹೇಳಿ ಸುಮ್ಮನಾಗುತ್ತಾರೆ. ನನಗೆ ಅದಕ್ಕಿಂತ ಲೌಡಾ ಆಡಿದ ರೀತಿ ಜಾಸ್ತಿ ಇಷ್ಟ. ಒಂದೇ ಸುತ್ತಿನ ವೇಗದಲ್ಲಿ ಪ್ರೋಸ್ಟ್ ಮುಂದೆ ತಾನು ನಿಲ್ಲಲ್ಲ ಅಂತ ಅವರಿಗೆ ಬೇಗ ಗೊತ್ತಾಯಿತು. ಇಡೀ ವರ್ಷ ಒಂದೂ ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ) ಇಲ್ಲ! ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಶನಿವಾರದ ಕ್ವಾಲಿಫೈಯಿಂಗ್ ಚಿಂತೆ ಬಿಟ್ಟು, ಭಾನುವಾರದ ರೇಸ್‌ಗೆ ಕಾರನ್ನು ಹದ ಮಾಡಿಕೊಂಡರು. ಆ ವರ್ಷ ರೇಸ್ ನಡುವೆ ಇಂಧನ ತುಂಬಿಸುವ ಹಾಗಿರಲಿಲ್ಲ, 220 ಲೀಟರ್‌ನಲ್ಲೇ ರೇಸ್ ಮುಗಿಸಬೇಕಿತ್ತು. ಇಂಥ ಆಟಕ್ಕೆ ತಾಳ್ಮೆ ಬೇಕು ಅಲ್ವಾ? ಆಸ್ಟ್ರಿಯಾದಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೂ ಅದು ಹಿಂದಿದ್ದ ಚಾಲಕ ಪಿಕೆಗೆ ಗೊತ್ತಾಗಲೇ ಇಲ್ಲ. ಲೌಡಾ ತಮ್ಮ ದೇಶದ ರೇಸ್ ಗೆದ್ದರು.

ಕೊನೆಯ ರೇಸ್ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ, ಅಕ್ಟೋಬರ್ 21. ಅದಕ್ಕೆ ಮುಂಚೆ ಲೌಡಾ 66 ಅಂಕ, ಪ್ರೋಸ್ಟ್ 62.5. ಪ್ರೋಸ್ಟ್ ಗೆದ್ದರೆ ಲೌಡಾ ಎರಡನೆಯವರಾಗಿ ಬರಲೇಬೇಕು. ಲೌಡಾ ಹೊರಟಿದ್ದು 11ನೇ ಸ್ಥಾನದಿಂದ! ಒಬ್ಬೊಬ್ಬರನ್ನೇ ದಾಟುತ್ತಾ ಮೂರಕ್ಕೆ ಬಂದರು. ಮುಂದೆ, ಎರಡನೇ ಸ್ಥಾನದಲ್ಲಿ, ಲೋಟಸ್ ಕಾರಿನಲ್ಲಿ ಮ್ಯಾನ್ಸೆಲ್ ಇದ್ದರು, ದೂರವೂ ಸಾಕಷ್ಟಿತ್ತು. ಅಷ್ಟರಲ್ಲಿ ಮ್ಯಾನ್ಸೆಲ್ ಬ್ರೇಕ್ ಕೆಟ್ಟು ಕಾರು ತಿರುಗಿತು. ರೇಸ್ ಗೆದ್ದಿದ್ದು ಪ್ರೋಸ್ಟ್, ಎರಡನೆಯವರು ಲೌಡಾ. ಅದು ಅದೃಷ್ಟವೇ, ಒಪ್ಪುತ್ತೇನೆ. ಆದರೆ 11ರಿಂದ ಅಲ್ಲಿಗೆ ಬಂದು ನಿಂತಿದ್ದು ಅದೃಷ್ಟ ಅಲ್ಲ. ಕೊನೆಗೆ ಲೌಡಾ 72, ಪ್ರೋಸ್ಟ್ 71.5. ಪ್ರೋಸ್ಟ್ ಮರುವರ್ಷವೇ ತಮ್ಮ ಮೊದಲ ಚಾಂಪಿಯನ್‌ಶಿಪ್ ಗೆದ್ದರು ಬಿಡಿ.